ಭದ್ರಾ ಕಾಡಲ್ಲಿ ಲೈನ್ ನಡೆದ ದಿನಗಳು

ಭಾನುವಾರ

ಚಿಕ್ಕಮಗಳೂರಿನಿಂದ ಮುತ್ತೋಡಿಗೆ ಹೋಗುವ ದಾರಿ ಕಾಫಿ ತೋಟಗಳ ನಡುವೆ ಸುತ್ತಿ ಬಳಸಿ ಸಾಗುತ್ತದೆ. ತೋಟ ಎಲ್ಲಿ ಮುಗಿದು ಕಾಡು ಎಲ್ಲಿ ಶುರುವಾಯಿತು ಅಂತ ಹೊಸಬರಿಗೆ ಗೊತ್ತೇ ಆಗುವುದಿಲ್ಲ. ನೆರಳಿಗೆ ಅಂತ ತೋಟದಲ್ಲಿ ಬಿಟ್ಟ ಮರಗಳೂ ಕಾಡಿನ ಮರಗಳಷ್ಟೇ ಎತ್ತರ. ಅರಣ್ಯ ಇಲಾಖೆಯ ಗೇಟು ಎದುರಾದಾಗಲೇ ಭದ್ರಾ ಹುಲಿ ಸಂರಕ್ಷಿತ ಪ್ರದೇಶಕ್ಕೆ ಬಂದೆವು ಅಂತ ತಿಳಿದದ್ದು.

ಫೆಬ್ರವರಿ ಕೊನೆ. ಹುಲಿಯ ಬೇಟೆಪ್ರಾಣಿಗಳನ್ನು ಎಣಿಸಲು ಬಂದಿದ್ದ ಒಂದು ಸಂಶೋಧನಾ ತಂಡಕ್ಕೆ ನಾನು ಇಂಟರ್ನ್ ಆಗಿ ಸೇರಿದ್ದೆ. ಬೆಳಿಗ್ಗೆ ಲೈನ್, ಅಂದರೆ ಕಾಡಿನಲ್ಲಿ ಮೊದಲೇ ಗುರುತಿಸಿಟ್ಟ ದಾರಿ ನಡೆದು ಪ್ರಾಣಿ ಎಣಿಸಬೇಕು, ಬಿಸಿಲೇರಿದ ಮೇಲೆ ಗಿಡಮರ ಅಳೆಯಬೇಕು, ನಡುವೆ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದುಹೋದಾಗ ತಾನೇ ಫೋಟೊ ತೆಗೆಯುವ ಕ್ಯಾಮೆರಾ) ಕಟ್ಟಲು ಕೈಜೋಡಿಸಬೇಕು. ಇಷ್ಟೇ ಕೆಲಸ ಅಂತ ಮೊದಲೇ ಹೇಳಿದ್ದರು.

ಇಲ್ಲಿಗೆ ಬರುವುದಕ್ಕೆ ಪರಿಚಯದವರು ಇದ್ದರೆ ಸಾಕು ಅಂತ ಹಲವರು ತಿಳಿದಿದ್ದಾರೆ. ಹಾಗಲ್ಲ. ಸಂರಕ್ಷಿತ ಕಾಡಿನೊಳಗೆ ಸಂಶೋಧನೆ ಮಾಡಬೇಕಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ನಮ್ಮ ಪತ್ರದಲ್ಲಿ ಯಾರ್ಯಾರು ಬರುತ್ತಾರೆ, ಯಾವ ವಲಯದಲ್ಲಿ ಏನು ಕೆಲಸ, ಎಲ್ಲಿಯವರೆಗೆ ಅಂತ ಬರೆದಿತ್ತು. ಗೇಟಿನಲ್ಲಿ ಗಾರ್ಡ್ ಒಂದೊಂದೇ ಹೆಸರು ಓದಿ, ಮುಖ ನೋಡಿ, ರಿಜಿಸ್ಟರಿನಲ್ಲಿ ಬರೆದುಕೊಂಡರು. ಅಷ್ಟು ಬಿಗಿ ಇರುವುದು ನನಗೆ ಖುಷಿಯಾಯಿತು.

ಈ ಕಾಡಿನ ಒಂದು ಭಾಗ 1951ರಲ್ಲೇ ಜಾಗರ ಕಣಿವೆ ಅಭಯಾರಣ್ಯ ಆಗಿತ್ತು. 1974ರಲ್ಲಿ ಲಕ್ಕವಳ್ಳಿ ಕಡೆಯ ಕಾಡೂ ಸೇರಿ ಭದ್ರಾ ಅಂತ ಹೆಸರಾಯಿತು. 1998ರಲ್ಲಿ ಹುಲಿ ಯೋಜನೆಗೆ ಬಂತು. ಒಂದು ಬದಿಗೆ ಬಾಬಾಬುಡನ್‌ಗಿರಿಯ ಸಾಲು, ಇನ್ನೊಂದು ಬದಿಗೆ ಭದ್ರಾ ಹಿನ್ನೀರು. ಅವುಗಳ ನಡುವೆ ತೇಗ, ಮತ್ತಿ, ಹೊನ್ನೆ, ನಂದಿ, ಬೀಟೆ, ಬಿದಿರು.

ಸಂಜೆ ತಂಡದ ಹಿರಿಯರು ಎಲ್ಲರನ್ನೂ ಕೂರಿಸಿ ನಿಯಮ ಹೇಳಿದರು. ಒಂಟಿಯಾಗಿ ಹೋಗಬಾರದು. ಕಾಡು ಕಾಯುವ ವಾಚರ್ ನಿಲ್ಲಿ ಅಂದರೆ ನಿಲ್ಲಬೇಕು, ಯಾಕೆ ಅಂತ ಆಮೇಲೆ ಕೇಳಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಬಂದು ತಿಳಿಸಬೇಕು. ಕೊನೆಗೆ ಇನ್ನೊಂದು ಮಾತು ಸೇರಿಸಿದರು. “ಏನೂ ಕಾಣದಿದ್ದರೂ ಫಾರಂ ತುಂಬಬೇಕು. ಕಾಣಲಿಲ್ಲ ಅಂತ ಬರೆದು ಸಹಿ ಹಾಕಬೇಕು.” ಆ ಮಾತಿನ ಬೆಲೆ ಆಗ ನನಗೆ ಪೂರ್ತಿ ತಿಳಿದಿರಲಿಲ್ಲ.

ಸೋಮವಾರ

ದಿನವೆಲ್ಲ ತರಬೇತಿ. ಲೈನ್ ಅಂದರೆ ಟ್ರ್ಯಾನ್ಸೆಕ್ಟ್. ಕಾಡಿನೊಳಗೆ ಮೊದಲೇ ಗುರುತಿಸಿ, ಮರಗಳ ಮೇಲೆ ಬಣ್ಣದ ಗುರುತು ಹಾಕಿಟ್ಟ ಒಂದು ದಾರಿ. ಪ್ರಾಣಿಗಳು ಎಲ್ಲಿ ಜಾಸ್ತಿ ಇವೆ ಅಂತ ನೋಡಿ ಹಾಕಿದ ದಾರಿ ಅಲ್ಲ ಇದು. ಹಾಗೆ ಹಾಕಿದರೆ ಲೆಕ್ಕವೇ ಕೆಡುತ್ತದೆ. ಗುಡ್ಡ ಬರಲಿ, ಹಳ್ಳ ಬರಲಿ, ಲೈನ್ ಹೋದ ಕಡೆ ನಾವೂ ಹೋಗಬೇಕು.

ಇಬ್ಬರು ಜೊತೆಯಾಗಿ ನಿಧಾನಕ್ಕೆ ನಡೆಯುತ್ತಾರೆ. ಪ್ರಾಣಿ ಕಂಡ ಕೂಡಲೇ ಅಲ್ಲೇ ನಿಲ್ಲಬೇಕು. ಯಾವ ಪ್ರಾಣಿ, ಗುಂಪಿನಲ್ಲಿ ಎಷ್ಟು, ರೇಂಜ್‌ಫೈಂಡರಿನಲ್ಲಿ ಎಷ್ಟು ದೂರ, ಕಂಪಾಸ್‌ನಲ್ಲಿ ಯಾವ ದಿಕ್ಕು, ಲೈನ್ ಹೋಗುತ್ತಿರುವ ದಿಕ್ಕು ಯಾವುದು. ಇಷ್ಟನ್ನೂ ಪೆನ್ಸಿಲ್‌ನಲ್ಲಿ ಬರೆಯಬೇಕು. ಇಬ್ಬನಿ ಬಿದ್ದರೆ ಪೆನ್ನಿನ ಶಾಯಿ ಹರಡುತ್ತದೆ.

ಇದರಿಂದ ಬೇಕಾದದ್ದು ಲೈನ್‌ನಿಂದ ಪ್ರಾಣಿಗೆ ಇರುವ ನೇರ ಅಡ್ಡ ದೂರ. ಉದಾಹರಣೆಗೆ ಲೈನ್ 110 ಡಿಗ್ರಿ ಕಡೆಗೆ ಹೋಗುತ್ತಿದೆ, ಜಿಂಕೆ 140 ಡಿಗ್ರಿ ಕಡೆಗೆ 40 ಮೀಟರ್ ದೂರದಲ್ಲಿದೆ ಅಂದುಕೊಳ್ಳಿ. ನಡುವಿನ ಕೋನ 30 ಡಿಗ್ರಿ. ಅಂದರೆ ಅಡ್ಡ ದೂರ 20 ಮೀಟರ್. ಶಾಲೆಯಲ್ಲಿ ಕಲಿತ ಸೈನ್ ಕೋಷ್ಟಕ ಕಾಡಿನಲ್ಲಿ ಕೆಲಸಕ್ಕೆ ಬರುವುದು ಹೀಗೆ. ಆದರೆ ಲೆಕ್ಕ ಅಲ್ಲೇ ಮಾಡಬೇಡಿ, ಉಪಕರಣ ತೋರಿಸಿದ್ದನ್ನು ಹಾಗೆಯೇ ಬರೆಯಿರಿ ಅಂದರು. ಕಾಡಿನಲ್ಲಿ ನಿಂತು ದುಂಡು ಸಂಖ್ಯೆ ಮಾಡುವ ಅಭ್ಯಾಸ ಬಹಳ ಬೇಗ ಅಂಟಿಕೊಳ್ಳುತ್ತದಂತೆ.

ಅಡ್ಡ ದೂರ ಯಾಕೆ ಬೇಕು? ಲೈನ್ ಮೇಲೇ ಇರುವ ಪ್ರಾಣಿ ನಮ್ಮ ಕಣ್ಣಿಗೆ ಬಿದ್ದೇ ಬೀಳುತ್ತದೆ. 20 ಮೀಟರ್ ಆಚೆ ಇದ್ದರೆ ಕೆಲವು ತಪ್ಪಿಹೋಗುತ್ತವೆ. 60 ಮೀಟರ್ ಆಚೆ ಇದ್ದರೆ ಇನ್ನೂ ಹೆಚ್ಚು ತಪ್ಪುತ್ತವೆ. ದೂರ ಹೆಚ್ಚಿದಂತೆ ಕಾಣುವುದು ಹೇಗೆ ಕಡಿಮೆಯಾಗುತ್ತದೆ ಅಂತ ನಮ್ಮದೇ ದಾಖಲೆಗಳಿಂದ ಗೊತ್ತಾದರೆ, ಕಾಣದೆ ಉಳಿದವು ಎಷ್ಟಿರಬಹುದು ಅಂತ ಅಂದಾಜು ಮಾಡಬಹುದು. ಈ ಇಡೀ ವಿಧಾನ ನಿಂತಿರುವುದು ಒಂದೇ ಒಪ್ಪಿಗೆಯ ಮೇಲೆ: ಕಾಡಿನಲ್ಲಿ ಇರುವುದೆಲ್ಲ ನಮಗೆ ಕಾಣುವುದಿಲ್ಲ. ನನಗೆ ಇದು ಬಹಳ ಹಿಡಿಸಿತು.

ಮಂಗಳವಾರ

ಇನ್ನೂ ಕತ್ತಲಿರುವಾಗಲೇ ಜೀಪು ಹೊರಟಿತು. ಲೈನ್ ಶುರುವಾಗುವ ಕಡೆ ಇಳಿದು, ಬೆಳಕು ಹರಿಯುವವರೆಗೆ ಕಾದೆವು. ನನ್ನ ಜೊತೆ ಬಂದವರು ಕಳ್ಳಬೇಟೆ ತಡೆ ಶಿಬಿರದ ಒಬ್ಬ ವಾಚರ್. ಈ ಬೀಟಿನಲ್ಲಿ, ಅಂದರೆ ಕಾವಲಿಗೆ ಹಂಚಿದ ಕಾಡಿನ ಈ ಭಾಗದಲ್ಲಿ, ಬಹಳ ವರ್ಷದಿಂದ ಇದ್ದವರು. ನಾನು ಅಣ್ಣ ಅಂತ ಕರೆದೆ, ಅವರು ಮೇಡಂ ಬಿಡಲಿಲ್ಲ.

“ಹಿಮ್ಮಡಿ ಮೊದಲು ಊರಬೇಡಿ ಮೇಡಂ. ಪಾದದ ಹೊರ ಅಂಚು ಇಡಿ, ಆಮೇಲೆ ಭಾರ ಬಿಡಿ.”

ಫೆಬ್ರವರಿಯಲ್ಲಿ ತೇಗದ ಎಲೆ ಒಣಗಿ ನೆಲ ತುಂಬ ಬಿದ್ದಿರುತ್ತದೆ. ಒಂದು ಎಲೆ ಮುರಿದರೂ ಸದ್ದು ದೂರಕ್ಕೆ ಹೋಗುತ್ತದೆ. ಅವರು ಹೇಳಿದ ಹಾಗೆ ಕಾಲಿಟ್ಟು ನೋಡಿದೆ. ಸದ್ದು ನಿಜಕ್ಕೂ ಕಡಿಮೆಯಾಯಿತು. ಆದರೆ ಹಾಗೆ ನಡೆದರೆ ಸ್ವಲ್ಪ ಹೊತ್ತಿಗೇ ಮೀನಖಂಡ ನೋಯುತ್ತದೆ. ಅವರಿಗೆ ಅದೇ ಸಹಜ ನಡಿಗೆ.

ಮೊದಲು ಕಂಡದ್ದು ಜಿಂಕೆ ಗುಂಪು. ನಾನು ಐದು ಎಣಿಸಿದೆ. ಅಣ್ಣ ಕೈಯಲ್ಲೇ ಸನ್ನೆ ಮಾಡಿ ತಾಳಿ ಅಂದರು. ನಿಂತು ನೋಡಿದಂತೆ ಬಿದಿರು ಮೆಳೆಯ ಆಚೆ ಒಂದು ಕಿವಿ ಅಲುಗಿತು, ಅದರ ಪಕ್ಕ ಇನ್ನೊಂದು ಬೆನ್ನು. ಒಟ್ಟು ಎಂಟು. ಗುಂಪಿನ ನಡುಭಾಗಕ್ಕೆ ರೇಂಜ್‌ಫೈಂಡರ್ ಹಿಡಿಯಬೇಕಿತ್ತು. ಕಿರಣ ಮುಂದಿನ ಕೊಂಬೆಗೆ ತಾಗಿ ತಪ್ಪು ದೂರ ಬರುತ್ತಿತ್ತು. ಗುಂಪಿನ ನಡುವೆ ನಿಂತಿದ್ದ ಒಂದು ನಂದಿ ಮರದ ಬುಡಕ್ಕೆ ಗುರಿಯಿಟ್ಟಾಗ ಸರಿಯಾಯಿತು. ನಂದಿಯ ಕಾಂಡ ನುಣುಪು, ತಿಳಿ ಬಣ್ಣ, ಮಬ್ಬು ಬೆಳಕಲ್ಲೂ ಎದ್ದು ಕಾಣುತ್ತದೆ.

ಮುಂದೆ ಒಂದು ಕೆಂದಳಿಲು ಮರದಿಂದ ಮರಕ್ಕೆ ಹಾರಿತು. ಬಾಲವೇ ಮೈಗಿಂತ ಉದ್ದ. ಮುಸಿಯ ಮಂಗಗಳ ಒಂದು ಗುಂಪು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ನಡೆಯುವುದು, ನಿಲ್ಲುವುದು, ಕಿವಿಗೊಡುವುದು, ಮತ್ತೆ ನಡೆಯುವುದು. ಹಳ್ಳದ ಆಚೆಯಿಂದ ಕಾಡುಕುರಿ (ಒಂದು ಸಣ್ಣ ಜಾತಿಯ ಜಿಂಕೆ) ಬೊಗಳಿದ ಸದ್ದು ಬಂತು, ಮತ್ತೆ ಮತ್ತೆ. ನಾನು ಅಣ್ಣನ ಮುಖ ನೋಡಿದೆ. ಅವರು ತಲೆ ಅಲ್ಲಾಡಿಸಿದರು. ಕಿವಿಗೆ ಬಿದ್ದದ್ದು ಈ ಫಾರಂಗೆ ಬರುವುದಿಲ್ಲ. ಕಣ್ಣಿಗೆ ಬಿದ್ದದ್ದು ಮಾತ್ರ.

ಲೈನ್ ಮುಗಿದ ಮೇಲೆ ಅಣ್ಣ ಮಾತಾಡಿದರು. “ಅಲ್ಲಿ ಏನೋ ಇತ್ತು ಮೇಡಂ. ಸುಮ್ನೆ ಅಷ್ಟು ಹೊತ್ತು ಕೂಗಲ್ಲ ಅದು. ಹುಲಿಯೋ ಚಿರತೆಯೋ ಇರಬೇಕು. ಆದ್ರೆ ನಾವು ನೋಡಿಲ್ವಲ್ಲ.”

ಎಷ್ಟು ಸರಳವಾಗಿ ಹೇಳಿದರು! ಇದೆ ಅಂತ ಒಳಗೊಳಗೆ ಖಾತ್ರಿ ಇದ್ದರೂ ನೋಡಿಲ್ಲ ಅಂತ ಬರೆಯುವುದು ಸುಲಭ ಅಲ್ಲ.

ಬುಧವಾರ

ಗಿಡಮರ ಅಳೆಯುವ ದಿನ. ಇಂಟರ್ನ್‌ಗಳಲ್ಲಿ ಹೆಚ್ಚಿನವರಿಗೆ ಈ ಕೆಲಸ ಅಷ್ಟು ಇಷ್ಟ ಆಗುವುದಿಲ್ಲ. ನನಗೆ ವಾರದಲ್ಲಿ ಹೆಚ್ಚು ಕಲಿಸಿದ ದಿನಗಳಲ್ಲಿ ಇದೂ ಒಂದು.

ಲೈನ್ ಉದ್ದಕ್ಕೂ ಪ್ರತಿ 400 ಮೀಟರಿಗೆ ಒಂದು ಕಡೆ ನಿಲ್ಲಬೇಕು. ಅಲ್ಲಿ ನಡುವೆ ಒಂದು ಗೂಟ ಹೊಡೆದು, 15 ಮೀಟರ್ ಹಗ್ಗ ಹಿಡಿದು ಸುತ್ತಿದರೆ ಒಂದು ವೃತ್ತ. ಅದರೊಳಗಿನ ಮರಗಳ ಹೆಸರು, 1.3 ಮೀಟರ್ ಎತ್ತರದಲ್ಲಿ ಸುತ್ತಳತೆ. ಒಳಗೆ 5 ಮೀಟರಿನ ಸಣ್ಣ ವೃತ್ತ, ಅದರಲ್ಲಿ ಪೊದೆಗಳು. ಪಕ್ಕದಲ್ಲಿ ಉದ್ದನೆಯ ಪಟ್ಟಿಯಲ್ಲಿ ಹಿಕ್ಕೆ, ಲದ್ದಿ ಹುಡುಕಬೇಕು. ಜಿಂಕೆಯ ಹಿಕ್ಕೆ ಸಣ್ಣದು. ಕಡವೆಯದ್ದು ಅದಕ್ಕಿಂತ ದಪ್ಪ. ಕಾಟಿಯದ್ದು (ಕಾಡುಕೋಣ) ಊರಿನ ದನದ ಸೆಗಣಿಯಂತೆಯೇ ಕಾಣುವುದರಿಂದ ಅಂಚಿನ ಕಾಡಿನಲ್ಲಿ ಗೊಂದಲ ಆಗುತ್ತದೆ.

ಮತ್ತಿ ಮರ ಗುರುತಿಸುವುದು ಬೇಗ ಬಂತು. ಮೊಸಳೆ ಬೆನ್ನಿನ ಹಾಗೆ ಚೌಕ ಚೌಕವಾಗಿ ಸೀಳಿದ ತೊಗಟೆ. ಹೊನ್ನೆಯ ತೊಗಟೆ ಗಾಯವಾದ ಕಡೆ ಕೆಂಪು ಅಂಟು ಒಸರಿ ಒಣಗಿರುತ್ತದೆ. ಎಲೆ ಉದುರಿದ ಕಾಲದಲ್ಲಿ ತೊಗಟೆಯೇ ಗತಿ. ತಲೆಯೆತ್ತಿ ಎಲೆ ಹುಡುಕುತ್ತಿದ್ದ ನಮಗೆ ಅಣ್ಣ ಬೆರಳಿಂದ ತೊಗಟೆ ಮುಟ್ಟಿಸಿ ಹೆಸರು ಹೇಳಿಸುತ್ತಿದ್ದರು.

ಒಂದು ವೃತ್ತದಲ್ಲಿ ಮರಕ್ಕಿಂತ ಲಂಟಾನವೇ ಜಾಸ್ತಿ. ಒಳಗೆ ನುಗ್ಗಲು ಜಾಗವೇ ಇಲ್ಲ. ಈ ಗಿಡ ಅಮೆರಿಕ ಖಂಡದ ಉಷ್ಣ ಪ್ರದೇಶದ್ದು. ಹತ್ತೊಂಬತ್ತನೇ ಶತಮಾನದ ಮೊದಲಲ್ಲಿ ಬ್ರಿಟಿಷರು ತೋಟದ ಅಂದಕ್ಕೆ ಅಂತ ಭಾರತಕ್ಕೆ ತಂದರು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. ಜಿಂಕೆ, ಕಡವೆ ಇದರ ಎಲೆಗೆ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಇದರ ಕೆಳಗೆ ಹುಲ್ಲೂ ಬೆಳೆಯುವುದಿಲ್ಲ. ದೂರದಿಂದ ನೋಡಿದರೆ ಹಚ್ಚ ಹಸಿರು ಕಾಡು. ಹತ್ತಿರ ಹೋದರೆ ಮೇಯುವ ಪ್ರಾಣಿಗೆ ಅಲ್ಲಿ ಏನೂ ಇಲ್ಲ. ಆವಾಸ ಉಳಿಸುವುದು ಅಂದರೆ ಹಸಿರು ಉಳಿಸುವುದು ಅಂತ ನಂಬಿಕೊಂಡವರು ಒಮ್ಮೆ ಇಂಥ ಜಾಗದಲ್ಲಿ ಮಂಡಿಯೂರಿ ನೆಲ ನೋಡಬೇಕು.

ಇನ್ನೊಂದು ವಿಷಯ ಇಲ್ಲೇ ಅರ್ಥವಾಯಿತು. ಲಂಟಾನ ದಟ್ಟವಾಗಿರುವ ಕಡೆ ಲೈನ್‌ನಿಂದ ಹತ್ತು ಮೀಟರ್ ಆಚೆ ಕಾಟಿ ನಿಂತಿದ್ದರೂ ಕಾಣುವುದಿಲ್ಲ. ಪೊದೆ ಅಳೆಯದೆ ಲೈನ್ ಮಾತ್ರ ನಡೆದರೆ, ಆ ಕಡೆ ಪ್ರಾಣಿಗಳೇ ಇಲ್ಲ ಅಂತ ತಪ್ಪು ತಿಳಿಯುತ್ತೇವೆ. ನಿನ್ನೆ ಬೆಳಗಿನ ಕೆಲಸಕ್ಕೂ ಇವತ್ತಿನ ಟೇಪು ಹಗ್ಗಕ್ಕೂ ನಂಟು ಇರುವುದು ಹೀಗೆ.

ಉಣುಗುಗಳ ಬಗ್ಗೆ ಹೇಳಲೇಬೇಕು. ಬೇಸಿಗೆ ಮಲೆನಾಡಿನ ಕಾಡಿನಲ್ಲಿ ಅವು ಎಲ್ಲೆಲ್ಲೂ ಇರುತ್ತವೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಇವುಗಳಿಂದಲೇ. ಅದಕ್ಕೇ ಸತ್ತ ಮಂಗದ ನಿಯಮ. ಹೊರಡುವ ಮೊದಲು ಕೈಕಾಲಿಗೆ ಉಣುಗು ಹತ್ತದಂತೆ ಡೆಪಾ ಎಣ್ಣೆ, ಪ್ಯಾಂಟನ್ನು ಕಾಲುಚೀಲದೊಳಗೆ ತೂರಿಸಿ ಕಟ್ಟುವುದು, ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ. ಸುಸ್ತಾಗಿದೆ ಅಂತ ಒಬ್ಬರಿಗೂ ವಿನಾಯಿತಿ ಇರಲಿಲ್ಲ. ಇಂಟರ್ನ್‌ಗಳನ್ನು ಕಾಡಿಗೆ ಕಳಿಸುವ ಯಾರೇ ಆಗಲಿ ಇಷ್ಟು ಕಟ್ಟುನಿಟ್ಟು ಇರಬೇಕು ಅನ್ನುವುದು ನನ್ನ ಅಭಿಪ್ರಾಯ. ಜ್ವರ ಬಂದರೆ ಯಾರಿಗೆ ಹೇಳಬೇಕು, ಯಾವ ಆಸ್ಪತ್ರೆಗೆ ಹೋಗಬೇಕು ಅಂತ ಮೊದಲ ದಿನವೇ ಹೇಳದ ತಂಡಕ್ಕೆ ಸೇರಬೇಡಿ.

ಗುರುವಾರ

ಕ್ಯಾಮೆರಾ ಟ್ರ್ಯಾಪ್. ಎರಡು ಕಾಲುದಾರಿ ಕೂಡುವ ಕಡೆ ಅಣ್ಣ ನೆಲದ ಮೇಲೆ ಕೆರೆದ ಗುರುತು ತೋರಿಸಿದರು. ಹುಲಿ ಹಿಂಗಾಲಲ್ಲಿ ಮಣ್ಣು, ಎಲೆ ಹಿಂದಕ್ಕೆ ತಳ್ಳಿದ್ದು. ಸ್ವಲ್ಪ ಹಳೆಯದು, ಅಂಚು ಕುಸಿದಿತ್ತು. ಹುಲಿಗಳೂ ಸಾಮಾನ್ಯವಾಗಿ ಸುಲಭದ ದಾರಿಯಲ್ಲೇ ನಡೆಯುತ್ತವೆ. ಅದಕ್ಕೆ ಕ್ಯಾಮೆರಾ ಇಂಥ ಕಡೆ.

ಒಂದಲ್ಲ, ಎರಡು ಕ್ಯಾಮೆರಾ ಬೇಕು. ದಾರಿಯ ಈ ಬದಿಗೊಂದು, ಆ ಬದಿಗೊಂದು. ಒಂದೊಂದು ಹುಲಿಯ ಪಟ್ಟೆ ಒಂದೊಂದು ಥರ ಇರುತ್ತದೆ. ಅದೇ ಹುಲಿಯ ಎಡ ಮೈಯ ಪಟ್ಟೆಯೂ ಬಲ ಮೈಯ ಪಟ್ಟೆಯೂ ಬೇರೆ. ಎಡ ಬದಿಯ ಫೋಟೊ ಒಂದು ಕಡೆ, ಬಲ ಬದಿಯ ಫೋಟೊ ಇನ್ನೊಂದು ಕಡೆ ಸಿಕ್ಕರೆ ಅದು ಒಂದೇ ಹುಲಿಯೋ ಎರಡೋ ಹೇಳಲು ಬರುವುದಿಲ್ಲ. ಎರಡನ್ನೂ ನೇರ ಎದುರುಬದುರು ಇಡದೆ ಸ್ವಲ್ಪ ಓರೆ ಮಾಡಿದೆವು. ಒಂದರ ಫ್ಲಾಷ್ ಇನ್ನೊಂದರ ಕಣ್ಣಿಗೆ ಬಡಿಯಬಾರದಲ್ವಾ. ಎತ್ತರ ಸುಮಾರು ಮೊಣಕಾಲಿನಷ್ಟು. ಮುಂದಿನ ಹುಲ್ಲು ಸವರಬೇಕು, ಇಲ್ಲದಿದ್ದರೆ ಗಾಳಿಗೆ ಅಲುಗಿದ ಪ್ರತಿ ಎಸಳಿಗೂ ಕ್ಯಾಮೆರಾ ಫೋಟೊ ತೆಗೆಯುತ್ತದೆ.

ಕಟ್ಟಿದ ಮೇಲೆ ಪರೀಕ್ಷೆ. ಒಬ್ಬರು ನಾಲ್ಕು ಕಾಲಲ್ಲಿ ಅಂಬೆಗಾಲಿಡುತ್ತಾ ಕ್ಯಾಮೆರಾ ಮುಂದೆ ಹಾದುಹೋಗಬೇಕು. ನಿಂತು ನಡೆದರೆ ಹುಲಿಯ ಎತ್ತರ ಸಿಗುವುದಿಲ್ಲ. ನಾನು ಹೋದೆ. ಆ ಎತ್ತರದಿಂದ ದಾರಿ ಬೇರೆಯೇ ಕಾಣುತ್ತದೆ. ನಿಂತಾಗ ಅಡ್ಡಿ ಅನ್ನಿಸಿದ್ದ ಲಂಟಾನದ ಕೆಳಗೆ ಸಣ್ಣ ಸಣ್ಣ ಸುರಂಗಗಳು. ಕಾಡುಹಂದಿ ಓಡಾಡಿದ್ದಿರಬೇಕು, ಮಣ್ಣು ನುಣ್ಣಗಾಗಿತ್ತು.

ಫೋಟೊಗಳಿಂದ ಹುಲಿಗಳ ಸಂಖ್ಯೆ ಹೇಗೆ ಬರುತ್ತದೆ ಅಂತ ತಂಡದ ಹಿರಿಯರು ದಾರಿಯಲ್ಲಿ ವಿವರಿಸಿದರು. ಇದರ ಬೇರು ನಮ್ಮ ನಾಗರಹೊಳೆಯಲ್ಲೇ ಇದೆ. ಅಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕ್ಯಾಮೆರಾ ಟ್ರ್ಯಾಪ್ ಫೋಟೊಗಳಿಗೆ, ಹಿಡಿದು ಗುರುತಿಸಿ ಬಿಟ್ಟು ಮತ್ತೆ ಹಿಡಿಯುವ ಲೆಕ್ಕವನ್ನು ಅಳವಡಿಸಿ 1995ರಲ್ಲಿ ಪ್ರಕಟಿಸಿದರು. ಆಮೇಲೆ ಅಮೆರಿಕದ ವಿಜ್ಞಾನಿ ಜೇಮ್ಸ್ ನಿಕೋಲ್ಸ್ ಜೊತೆ ಸೇರಿ ಅದನ್ನು ಬೆಳೆಸಿದರು. ಸಿಕ್ಕ ಹುಲಿಗಳೇ ಮತ್ತೆ ಮತ್ತೆ ಸಿಗುತ್ತಿದ್ದರೆ ಸಿಗದೆ ಉಳಿದವು ಕಡಿಮೆ. ಪ್ರತಿ ಸಲ ಹೊಸ ಹುಲಿಯೇ ಬರುತ್ತಿದ್ದರೆ ಸಿಗದವು ಇನ್ನೂ ಬಹಳ ಇವೆ. ಇಲ್ಲೂ ಅದೇ. ಕಾಣದವುಗಳನ್ನು ಲೆಕ್ಕಕ್ಕೆ ತರುವ ದಾರಿ.

2018ರ ರಾಷ್ಟ್ರೀಯ ಹುಲಿ ಅಂದಾಜಿನಲ್ಲಿ 26,838 ಜಾಗಗಳಲ್ಲಿ ಕ್ಯಾಮೆರಾ ಇಟ್ಟಿದ್ದರು. ಸುಮಾರು 3.48 ಕೋಟಿ ಫೋಟೊ ಬಂದವು. ಅದರಲ್ಲಿ ಹುಲಿಯವು 76,651. ಈ ಲೆಕ್ಕ ಕೇಳಿದ ಮೇಲೆ ಹುಲ್ಲು ಸವರುವ ಕತ್ತಿ ನನ್ನ ಕೈಯಲ್ಲಿ ಇನ್ನೂ ಚುರುಕಾಯಿತು. ಯಾರೋ ಕುಳಿತು ಅಷ್ಟನ್ನೂ ವಿಂಗಡಿಸಬೇಕು. ಈಗ ಕಂಪ್ಯೂಟರ್ ನೆರವಿದೆ, ಆದರೂ ಕೊನೆಗೆ ಮನುಷ್ಯರ ಕಣ್ಣು ಬೇಕು.

ಶುಕ್ರವಾರ

ಇವತ್ತಿನ ಲೈನ್ ಒಂದು ಹಳೆ ಊರಿನ ಜಾಗದ ಪಕ್ಕ ಹೋಗುತ್ತದೆ. ಕಾಡು ಇದ್ದಕ್ಕಿದ್ದಂತೆ ತೆರೆದುಕೊಂಡು ದೊಡ್ಡ ಹುಲ್ಲುಗಾವಲು ಬಂತು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿತ್ತು. ಒಂದು ಕಾಲದ ಗದ್ದೆ ಬದುಗಳು ಹುಲ್ಲಿನ ಕೆಳಗೆ ಇನ್ನೂ ಸ್ಪಷ್ಟ. ಅಂಚಿನಲ್ಲಿ ಒಂದು ಹಲಸಿನ ಮರ, ಆಚೆ ಮಾವು. ಗದ್ದೆಯ ಕೆಳ ಭಾಗದಲ್ಲಿ ಕಾಟಿಗಳು ಮೇಯುತ್ತಿದ್ದವು. ನಾವು ಹದಿನಾಲ್ಕು ಎಣಿಸಿದೆವು, ಕರುಗಳೂ ಸೇರಿ. ಒಂದು ದೊಡ್ಡ ಗಂಡು ತಲೆಯೆತ್ತಿ ನಮ್ಮ ಕಡೆ ನೋಡಿ ಮೂಗು ಅಗಲಿಸಿ ಉಸಿರು ಬಿಟ್ಟಿತು. ಮೊಣಕಾಲಿನಿಂದ ಕೆಳಗೆ ಬಿಳಿ, ಮೇಲೆ ಮೈಯೆಲ್ಲ ಎಣ್ಣೆಗಪ್ಪು. ಬರೆದುಕೊಂಡು ಮುಗಿಸುವವರೆಗೂ ಅದು ಕದಲಲಿಲ್ಲ.

2001-02ರಲ್ಲಿ ಭದ್ರಾ ಒಳಗಿದ್ದ ಊರುಗಳಿಂದ 400ಕ್ಕೂ ಹೆಚ್ಚು ಕುಟುಂಬಗಳು ಹೊರಗೆ ಹೋದವು. ಮಳಲಿ ಚನ್ನೇನಹಳ್ಳಿ ಮತ್ತು ಕೆಳಗೂರಿನಲ್ಲಿ ಜಮೀನು, ಮನೆ ಕೊಟ್ಟರು. ದೇಶದಲ್ಲಿ ಹುಲಿ ಕಾಡಿನಿಂದ ಜನರನ್ನು ಸ್ಥಳಾಂತರ ಮಾಡಿದ ಪ್ರಯತ್ನಗಳಲ್ಲಿ ಚೆನ್ನಾಗಿ ನಡೆದದ್ದು ಅಂತ ಇದನ್ನು ಹಲವರು ಉದಾಹರಿಸುತ್ತಾರೆ. ಅಣ್ಣನ ಹತ್ತಿರದ ಸಂಬಂಧಿಕರು ಹೀಗೆ ಹೋದವರು.

“ಮಳೆಗಾಲದಲ್ಲಿ ಹುಷಾರಿಲ್ಲ ಅಂದ್ರೆ ಕಂಬಳಿ ಕಟ್ಟಿ ಹೊತ್ಕೊಂಡೇ ಹೋಗ್ಬೇಕಿತ್ತು ಮೇಡಂ. ಭತ್ತ ಬೆಳೆದ್ರೆ ಆನೆಗೆ ಅರ್ಧ. ಮಕ್ಕಳಿಗೆ ಶಾಲೆ ಇಲ್ಲ. ಹೋಗ್ತೀವಿ ಅಂತ ಅವರೇ ಹೇಳಿದ್ದು. ಆದ್ರೂ ನಮ್ಮ ಚಿಕ್ಕಮ್ಮ ಈ ಹಲಸಿನ ಮರ ಬಿಟ್ಟು ಹೋಗುವಾಗ ಅತ್ತಿದ್ರು.”

ಅವರ ಮಾತಿನಲ್ಲಿ ದೂರು ಇರಲಿಲ್ಲ. ಹೆಮ್ಮೆಯೂ ಇರಲಿಲ್ಲ. ಕಾಡು ಉಳಿಯಿತು ಅನ್ನುವ ವರದಿಗಳಲ್ಲಿ ಬಿಟ್ಟು ಹೋದವರ ಪಾಲು ಒಂದು ಸಾಲಿಗೆ ಮುಗಿದುಬಿಡುತ್ತದೆ. ಸಂರಕ್ಷಣೆ ಕಲಿಯಲು ಬರುವ ಪ್ರತಿಯೊಬ್ಬರೂ ಪ್ರಾಣಿ ಎಣಿಸುವುದರ ಜೊತೆಗೆ ಇಂಥ ಜಾಗದಲ್ಲಿ ಇಂಥವರ ಬಾಯಲ್ಲಿ ಕೇಳಬೇಕು. ಅದು ಪಠ್ಯದಲ್ಲಿ ಇಲ್ಲದ ಭಾಗ.

ಈ ಕಾಟಿಗಳದ್ದೂ ಒಂದು ಕಥೆ ಇದೆ. 1980ರ ದಶಕದ ಕೊನೆಯಲ್ಲಿ ರಿಂಡರ್‌ಪೆಸ್ಟ್ ಅನ್ನುವ ಜಾನುವಾರು ರೋಗ ಇಲ್ಲಿ ಕಾಟಿಗಳಿಗೆ ಬಡಿದು, ಗುಂಪು ಗುಂಪೇ ಸತ್ತವು. ಅಷ್ಟು ದೊಡ್ಡ ಪ್ರಾಣಿ ಕಾಡಿನಲ್ಲಿ ಕಾಣುವುದೇ ಅಪರೂಪ ಆಗಿತ್ತಂತೆ. ಲಸಿಕೆಯಿಂದ ಆ ರೋಗವನ್ನು ಜಗತ್ತಿನಿಂದಲೇ ತೊಲಗಿಸಲಾಯಿತು, 2011ರಲ್ಲಿ ಅಧಿಕೃತವಾಗಿ ಘೋಷಿಸಿದರು. ಊರಿನ ದನಗಳಿಗೆ ಹಾಕಿದ ಲಸಿಕೆ ಕಾಡಿನ ಕಾಟಿಯನ್ನೂ ಕಾಯಿತು. ಹದಿನಾಲ್ಕು ಅಂತ ಬರೆದ ಆ ಸಾಲನ್ನು ಸಂಜೆ ಮತ್ತೊಮ್ಮೆ ತೆಗೆದು ನೋಡಿದೆ.

ಶನಿವಾರ

ಬೆಳಿಗ್ಗೆ ಲೈನ್ ಅರ್ಧಕ್ಕೇ ನಿಂತಿತು. ಮುಂದಿನ ತಿರುವಿನಲ್ಲಿ ಮರಿ ಸಮೇತ ಆನೆಗಳು. ಅಣ್ಣ ಮಾತಾಡದೆ ನನ್ನ ತೋಳು ಹಿಡಿದು ಹಿಂದಕ್ಕೆ ತಿರುಗಿಸಿದರು. ಗಾಳಿ ನಮ್ಮ ಕಡೆಯಿಂದ ಬೀಸುತ್ತಿತ್ತು. ಸುರಕ್ಷಿತ ದೂರಕ್ಕೆ ಬಂದ ಮೇಲೆ ಆನೆಗಳನ್ನು ಬರೆದೆವು. ಲೈನ್ ಎಲ್ಲಿ ನಿಂತಿತು, ಎಷ್ಟು ದೂರ ನಡೆದಿದ್ದೆವು, ಯಾಕೆ ನಿಂತಿತು ಅದನ್ನೂ ಬರೆದೆವು. ನಡೆಯದ ದಾರಿಯನ್ನು ನಡೆದಂತೆ ಬರೆದರೆ ಅಲ್ಲಿ ಪ್ರಾಣಿಗಳಿಲ್ಲ ಅಂತ ಸುಳ್ಳು ಹೇಳಿದ ಹಾಗೆ.

ಮಧ್ಯಾಹ್ನವೆಲ್ಲ ಕಂಪ್ಯೂಟರ್ ಮುಂದೆ. ಒಬ್ಬರು ಫಾರಂ ಓದುವುದು, ಇನ್ನೊಬ್ಬರು ತುಂಬುವುದು, ಆಮೇಲೆ ಅದಲುಬದಲಾಗಿ ತಾಳೆ ನೋಡುವುದು. ಬೇಸರದ ಕೆಲಸ ನಿಜ. ಆದರೆ ಇದೇ ದಿನ ಸರಿಸ್ಕಾ ಹುಲಿ ಕಾಡಿನ ಮಾತು ಬಂತು.

ನಮ್ಮಲ್ಲಿ ಹುಲಿಗಳನ್ನು ಹೆಜ್ಜೆ ಗುರುತಿನಿಂದ ಎಣಿಸುವ ಪದ್ಧತಿ 1960ರ ದಶಕದಿಂದ ಇತ್ತು. ಗಾಜಿನ ಮೇಲೆ ಹೆಜ್ಜೆಯ ಗೆರೆ ತೆಗೆಯುವುದು, ಪ್ಲಾಸ್ಟರ್ ಅಚ್ಚು ಮಾಡುವುದು. ಹೆಜ್ಜೆ ನೋಡಿ ಇದು ಇಂಥದ್ದೇ ಹುಲಿ ಅಂತ ಖಚಿತವಾಗಿ ಹೇಳಬಹುದು ಅನ್ನುವ ನಂಬಿಕೆ. ವಿಜ್ಞಾನಿಗಳು ಇದನ್ನು ಪ್ರಶ್ನಿಸುತ್ತಲೇ ಬಂದರು. 2004-05ರ ಹೊತ್ತಿಗೆ ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲೆ ಹುಲಿಗಳಿದ್ದವು, ಕಾಡಿನಲ್ಲಿ ಒಂದೂ ಉಳಿದಿರಲಿಲ್ಲ. ಕಳ್ಳಬೇಟೆಗೆ ಎಲ್ಲವೂ ಹೋಗಿದ್ದವು. ದೇಶವೇ ಬೆಚ್ಚಿತು. ಹುಲಿ ಕಾರ್ಯಪಡೆ ರಚನೆಯಾಯಿತು, ಎಣಿಸುವ ವಿಧಾನ ಬದಲಾಯಿತು, 2006ರಿಂದ ನಾಲ್ಕು ವರ್ಷಕ್ಕೊಮ್ಮೆ ಹೊಸ ರೀತಿಯ ಅಂದಾಜು ಶುರುವಾಯಿತು. ಆ ವರ್ಷ 1,411 ಇದ್ದ ಅಂದಾಜು 2022ರಲ್ಲಿ 3,682. ಕರ್ನಾಟಕದ್ದು 563.

ಏನೂ ಕಾಣದಿದ್ದರೂ ಫಾರಂ ತುಂಬಿ ಅಂದ ಮಾತು ಈಗ ಮನಸ್ಸಿಗೆ ನಾಟಿತು. ಸರಿಸ್ಕಾದಲ್ಲಿ ಕಾಣಲಿಲ್ಲ ಅಂತ ಸಮಯಕ್ಕೆ ಸರಿಯಾಗಿ ಬರೆದಿದ್ದರೆ, ಬರೆದದ್ದನ್ನು ಯಾರಾದರೂ ಓದಿದ್ದರೆ ಕೆಲವು ಹುಲಿಗಳಾದರೂ ಉಳಿಯುತ್ತಿದ್ದವೇನೋ. ನನಗೆ ಹಾಗೆಯೇ ಅನ್ನಿಸುತ್ತದೆ. ಖಾಲಿ ಫಾರಂ ಕೂಡ ಎಚ್ಚರಿಕೆ ಕೊಡುತ್ತದೆ. ಅದನ್ನು ತುಂಬುವವರಿಗೆ ಒಳ್ಳೆಯ ಸುದ್ದಿ ತರಬೇಕೆಂಬ ಒತ್ತಡ ಇರಬಾರದು ಅಷ್ಟೇ. ಇಂಟರ್ನ್‌ಗಳಿಗೆ ಆ ಒತ್ತಡ ಬೇಗ ಬರುತ್ತದೆ. ಪಕ್ಕದ ಲೈನಿನವರು ಸೀಳುನಾಯಿ ಕಂಡೆವು ಅಂತ ಬಂದಾಗ ನಮ್ಮ ಹಾಳೆ ಖಾಲಿ ಇದ್ದರೆ ಸಣ್ಣಗೆ ಕಸಿವಿಸಿ ಆಗುತ್ತದೆ. ಒಳ್ಳೆಯ ತಂಡದಲ್ಲಿ ಎರಡೂ ಹಾಳೆಯನ್ನು ಒಂದೇ ಥರ ಇಸಿದುಕೊಳ್ಳುತ್ತಾರೆ. ನಮ್ಮಲ್ಲಿ ಹಾಗೇ ಇತ್ತು.

ಭಾನುವಾರ

ಕೊನೆಯ ಲೈನ್. ಬೆಟ್ಟದ ಬುಡದ್ದು. ಮೂರು ಕಿಲೋಮೀಟರಿಗೂ ಜಾಸ್ತಿ ದೂರ, ಒಂದೇ ಒಂದು ಪ್ರಾಣಿ ಕಾಣಲಿಲ್ಲ. ಕಾಣಲಿಲ್ಲ ಅಂತ ಬರೆದು ನಾನೂ ಅಣ್ಣನೂ ಸಹಿ ಹಾಕಿದೆವು. ಈ ಲೈನ್ ಹೋದ ವರ್ಷ ಹೇಗಿತ್ತು ಅಂತ ಕೇಳಿದೆ. ಕಡವೆ ಇದ್ದವು, ಹಳ್ಳದಲ್ಲಿ ಆಗ ಇನ್ನೂ ನೀರಿತ್ತು ಅಂದರು. ಅದನ್ನು ಷರಾ ಅನ್ನುವ ಕಡೆ ಅವರ ಮಾತಿನಲ್ಲೇ ಬರೆದೆ. ಹಳ್ಳ ಒಣಗಿರುವುದು ತಂಡಕ್ಕೂ ಇಲಾಖೆಗೂ ಗೊತ್ತಾಗಬೇಕಾದ ವಿಷಯ.

ಹೀಗೆ ಹೋಗಬೇಕು ಅನ್ನುವವರಿಗೆ ಕೆಲವು ಮಾತು. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ, ಬೆಂಗಳೂರಿನ ಏಟ್ರೀ (ATREE) ಮತ್ತು ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್, ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಇಂಥ ಕಡೆ ಆಗಾಗ ಯೋಜನೆಗಳಿಗೆ ಇಂಟರ್ನ್ ಅಥವಾ ಸ್ವಯಂಸೇವಕರು ಬೇಕಾಗುತ್ತಾರೆ. ಶಿರಸಿ, ಪೊನ್ನಂಪೇಟೆಯ ಅರಣ್ಯ ಕಾಲೇಜುಗಳ ಅಧ್ಯಾಪಕರನ್ನು ವಿಚಾರಿಸಿದರೂ ದಾರಿ ಸಿಗುತ್ತದೆ. ಜೀವಶಾಸ್ತ್ರ ಓದಿರಲೇಬೇಕು ಅಂತಿಲ್ಲ. ನಮ್ಮ ಜೊತೆ ಸಂಖ್ಯಾಶಾಸ್ತ್ರದವರೊಬ್ಬರು ಇದ್ದರು, ಸಂಜೆ ಎಲ್ಲರೂ ಅವರ ಸುತ್ತಲೇ ಕೂರುತ್ತಿದ್ದೆವು. ಅರ್ಜಿ ಹಾಕುವ ಮೊದಲು ಮೂರು ವಿಷಯ ಕೇಳಿ: ಅನುಮತಿ ಪತ್ರದಲ್ಲಿ ನನ್ನ ಹೆಸರು ಇರುತ್ತದಾ, ಕಾಡಿನಲ್ಲಿ ಯಾರ ಜೊತೆ ನಡೆಯುತ್ತೇನೆ, ನಾನು ತುಂಬಿದ ಮಾಹಿತಿ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ. ಮೂರನೆಯದಕ್ಕೆ ಸರಿಯಾದ ಉತ್ತರ ಇಲ್ಲದಿದ್ದರೆ ಅದು ಹಣ ಕೊಟ್ಟು ಹೋಗುವ ಸಫಾರಿ ಇರಬಹುದು.

ಕನ್ನಡ ಬರುವುದು ಇಲ್ಲಿ ದೊಡ್ಡ ಆಸ್ತಿ. ಹೊರಗಿನಿಂದ ಬಂದ ಗೆಳೆಯರು ರೇಂಜ್‌ಫೈಂಡರ್ ನನಗಿಂತ ಚೆನ್ನಾಗಿ ಹಿಡಿಯುತ್ತಿದ್ದರು. ಆದರೆ ವಾಚರ್‌ಗಳ ಜೊತೆ ಕೂತು ಮಾತು ಕೇಳುವ ಭಾಗ್ಯ ಅವರಿಗೆ ಇರಲಿಲ್ಲ. ಅಣ್ಣನ ಮಾತುಗಳನ್ನು ಬರೆದಿಟ್ಟ ನೋಟ್‌ಬುಕ್ಕನ್ನು ತಂಡದ ಹಿರಿಯರು ಕೇಳಿ ತೆಗೆದುಕೊಂಡು ಪ್ರತಿ ಮಾಡಿಸಿಕೊಂಡರು. ಅದರ ಮೇಲೆ ಹೇಳಿದವರ ಹೆಸರು, ಶಿಬಿರದ ಹೆಸರು ಬರೆಯಬೇಕು ಅಂತ ಕೇಳಿಕೊಂಡೆ, ಒಪ್ಪಿದರು.

ಕ್ಯಾಮೆರಾಗಳು ಇನ್ನೂ ಕೆಲವು ವಾರ ಅಲ್ಲೇ ಇರುತ್ತವೆ. ಮೆಮೊರಿ ಕಾರ್ಡ್‌ಗಳು ಬಂದ ಮೇಲೆ ಫೋಟೊ ವಿಂಗಡಿಸಲು ವಾರಾಂತ್ಯದಲ್ಲಿ ಬರುತ್ತೇನೆ ಅಂತ ಹೆಸರು ಕೊಟ್ಟಿದ್ದೇನೆ. ಬೆಟ್ಟದ ಬುಡದ ಆ ಲೈನನ್ನು ತಂಡ ಏಪ್ರಿಲ್‌ನಲ್ಲಿ ಮತ್ತೆ ನಡೆಯುತ್ತದಂತೆ. ಹಳ್ಳದಲ್ಲಿ ನೀರು ಬಂದಿದೆಯಾ ಅಂತ ನೋಡಿ ಫೋನ್ ಮಾಡುತ್ತೇನೆ ಅಂತ ಅಣ್ಣ ಹೇಳಿದ್ದಾರೆ.